ದೀಪಾವಳಿಯ ಪಟಾಕಿ: ದ್ರವ್ಯ, ಕ್ಷೇತ್ರ, ಕಾಲ, ಭಾವ



ಮಹೋತ್ಸವದ ಸಂಚಿಕೆಗೆ ಗೃಹಸ್ಥರಿಗೆ ಉಪಯೋಗವಾಗುವಂತಹ ಲೇಖನವೊಂದನ್ನು ಬರೆದುಕೊಡಬೇಕೆಂದು ಟ್ರಸ್ಟಿನ ಹಿರಿಯರು ನನಗೆ ಅಪ್ಪಣೆ ಮಾಡಿದರು. ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ತಂದೆಯವರ ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಆದುದರಿಂದ ಸಿದ್ಧಾಂತದ ಗಹನ ವಿಷಯಗಳನ್ನು ಬಲ್ಲವರಿಗೆ ಬಿಟ್ಟು, ದೀಪಾವಳಿ ಸಮೀಪಿಸಿತೆಂದರೆ ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಏಳುವ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಮಕ್ಕಳು ಪಟಾಕಿ ಬೇಕೆಂದು ಹಟ ಹಿಡಿಯುತ್ತಾರೆ. ಕೊಡಿಸಬಹುದೇ? ಕೊಡಿಸುವುದಾದರೆ ಯಾವುದನ್ನು, ಎಲ್ಲಿ, ಯಾವಾಗ, ಹೇಗೆ?

ಗಡಿಯೂರಿನ ಹಬ್ಬ

ನಮ್ಮ ಹೊಸೂರು ತಮಿಳುನಾಡಿನಲ್ಲಿದ್ದರೂ ಕರ್ನಾಟಕದ ಗಡಿ ಇಲ್ಲಿಂದ ಕೂಗಳತೆಯ ದೂರ. ಮಂದಿರಕ್ಕೆ ಬರುವ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು, ಮಾರವಾಡಿ, ಗುಜರಾತಿ ಎಲ್ಲವೂ ಕೇಳಿಬರುತ್ತವೆ. ಕನ್ನಡದ ಮನೆಯವರು ಸುರುಸುರುಬತ್ತಿ ಎನ್ನುವುದನ್ನು ತಮಿಳಿನವರು ಕಂಬಿ ಮತ್ತಾಪು ಎನ್ನುತ್ತಾರೆ, ತೆಲುಗಿನವರು ಕಾಕರಪುವ್ವೊತ್ತಿ ಎನ್ನುತ್ತಾರೆ, ಮಾರವಾಡಿಯವರು ಫುಲ್‌ಝಡಿ ಎನ್ನುತ್ತಾರೆ. ಹೆಸರು ನಾಲ್ಕಾದರೂ ಸುಡುವ ಬೆಂಕಿ ಒಂದೇ.

ಹಬ್ಬದ ವೇಳೆಯೂ ಮನೆಮನೆಗೆ ಬೇರೆ. ನಮ್ಮ ತಮಿಳು ನೆರೆಯವರು ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ ಮುಗಿಸಿ ಪಟಾಕಿ ಹಚ್ಚುತ್ತಾರೆ. ಕನ್ನಡದ ನೆರೆಯವರಿಗೆ ಬಲಿಪಾಡ್ಯಮಿಯವರೆಗೂ ಸಂಜೆಗಳೇ ಹಬ್ಬ. ಉತ್ತರದಿಂದ ಬಂದ ವರ್ತಕರು ಅಮಾವಾಸ್ಯೆಯ ರಾತ್ರಿ ಲೆಕ್ಕದ ಪುಸ್ತಕಗಳ ಪೂಜೆಯ ನಂತರ ಹಚ್ಚುತ್ತಾರೆ. ಜೈನರಾದ ನಮಗೆಲ್ಲರಿಗೂ ಅದು ಭಗವಾನ್ ಮಹಾವೀರ ಸ್ವಾಮಿಗಳು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ. ಅಮಾವಾಸ್ಯೆಯ ಪ್ರಾತಃಕಾಲ ನಿರ್ವಾಣ ಲಾಡು ಅರ್ಪಿಸುತ್ತೇವೆ. ಗೌತಮ ಗಣಧರರಿಗೆ ಕೇವಲಜ್ಞಾನ ಉಂಟಾದುದನ್ನು ಸ್ಮರಿಸಿ ಸಂಜೆ ದೀಪ ಬೆಳಗುತ್ತೇವೆ.

ಈ ದೀಪಕ್ಕೆ ಪ್ರಾಚೀನ ಆಧಾರವುಂಟು. ಕ್ರಿ.ಶ. 783ರಲ್ಲಿ ರಚಿತವಾದ ಹರಿವಂಶಪುರಾಣದಲ್ಲಿ, ನಿರ್ವಾಣದ ದಿನ ಪಾವಾಪುರಿಯು ದೀಪಗಳಿಂದ ಬೆಳಗಿತೆಂದೂ ಅಂದಿನಿಂದ ಜನರು ದೀಪಗಳ ಹಬ್ಬವನ್ನು ಆಚರಿಸುತ್ತಿರುವರೆಂದೂ ಜಿನಸೇನಾಚಾರ್ಯರು ಬರೆದಿದ್ದಾರೆ. ಅವರು ಪುನ್ನಾಟ ಸಂಘದವರು; ಪುನ್ನಾಟವೆಂಬುದು ಕಪಿಲಾ ತೀರದ ಕನ್ನಡ ನಾಡಿನ ಹಳೆಯ ಹೆಸರು. ಪಟಾಕಿಯಾದರೋ ಬಹಳ ಈಚಿನದು. ಪಾರಸಿ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರದ ಮಹಾನವಮಿಯಲ್ಲಿ ಬಾಣಬಿರುಸುಗಳನ್ನು ಕಂಡು ಬರೆದಿರುವುದು ನಮ್ಮ ದೇಶದ ಹಳೆಯ ಉಲ್ಲೇಖಗಳಲ್ಲಿ ಒಂದು. ಆದುದರಿಂದ ದೀಪವಿಲ್ಲದೆ ದೀಪಾವಳಿಯಿಲ್ಲ. ಪಟಾಕಿಯಿಲ್ಲದೆ ದೀಪಾವಳಿ ಖಂಡಿತ ಉಂಟು.

ನನ್ನ ಅಂಗಡಿಯ ಒಂದು ಸಂಗತಿ

ಇಷ್ಟು ಹೇಳುವ ನಾನು ಒಂದು ಕಾಲದಲ್ಲಿ ಪಟಾಕಿ ಮಾರಿದವನೇ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. 1980ರ ದಶಕದಲ್ಲಿ ಹಬ್ಬಕ್ಕೆ ಮುಂಚಿನ ಹತ್ತು ದಿನ ಅಂಗಡಿಯ ಮುಂದೆ ಹಲಗೆ ಹಾಸಿ, ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿ, ಪಕ್ಕದಲ್ಲಿ ಪೆಟ್ರೋಮ್ಯಾಕ್ಸ್ ದೀಪ ತೂಗುಹಾಕಿ ವ್ಯಾಪಾರ ಮಾಡುತ್ತಿದ್ದೆ. ಎರಡು ಮಾರು ದೂರದಲ್ಲಿ ಸೀಮೆಎಣ್ಣೆಯ ಡಬ್ಬವೂ ಇರುತ್ತಿತ್ತು. ಇಂದು ನೆನೆದರೆ ಮೈ ನಡುಗುತ್ತದೆ.

1988ರ ದೀಪಾವಳಿ. ಹತ್ತು ವರ್ಷದ ಹುಡುಗನೊಬ್ಬ ಚಿಲ್ಲರೆ ನಾಣ್ಯಗಳನ್ನು ಮುಷ್ಟಿಯಲ್ಲಿ ಹಿಡಿದು ಒಬ್ಬನೇ ಬಂದನು. ಎರಡು ಆಟಂಬಾಂಬ್ ಕೇಳಿದನು. "ಅಪ್ಪ ಎಲ್ಲಿ?" ಎಂದು ನಾನು ಕೇಳಲಿಲ್ಲ. ನಾಣ್ಯ ಎಣಿಸಿಕೊಂಡು ಕೊಟ್ಟೆ. ಒಂದು ಸಿಡಿಯಿತು. ಮತ್ತೊಂದು ಸಿಡಿಯಲಿಲ್ಲ. ಬತ್ತಿ ನಂದಿತೆಂದು ತಿಳಿದು ಅವನು ಬಗ್ಗಿ ಊದಿದನಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು, ಮುಖ ಉಳಿಯಿತು, ಬಲಗಣ್ಣು ಉಳಿಯಲಿಲ್ಲ.

ಅವನ ತಂದೆಯವರು ನನ್ನ ಗಿರಾಕಿ. ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಮುಂದಿನ ತಿಂಗಳು ಬಂದು ಬಾಕಿ ತೀರಿಸಿ, ಎಂದಿನಂತೆ ಅಕ್ಕಿ ಬೇಳೆ ಕೊಂಡೊಯ್ದರು. ಬೈದಿದ್ದರೆ ನಾನೂ ಏನಾದರೊಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಹುಡುಗ ಈಗ ಮಕ್ಕಳೊಂದಿಗರು. ಇಂದಿಗೂ ಅಂಗಡಿಗೆ ಬರುತ್ತಾರೆ. ಚೀಟಿ ಕೊಟ್ಟರೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಓದುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಕೈಯ ಆ ನಾಣ್ಯಗಳು ನೆನಪಾಗುತ್ತವೆ.

ಮರುವರ್ಷ ಹಲಗೆ ಹಾಸಲಿಲ್ಲ. ಕೆಲವು ವರ್ಷಗಳ ನಂತರ ನಮ್ಮ ಮಂದಿರದಲ್ಲಿ ರತ್ನಕರಂಡಕ ಶ್ರಾವಕಾಚಾರದ ಸ್ವಾಧ್ಯಾಯ ನಡೆದಾಗ, ಸಮಂತಭದ್ರಾಚಾರ್ಯರು ಹೇಳಿರುವ ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದೆಂದು ಕೇಳಿದೆ. ಕತ್ತಿ, ಕೊಡಲಿಗಳಂತೆ ಬೆಂಕಿಯನ್ನೂ ಮತ್ತೊಬ್ಬರ ಕೈಗೆ ವೃಥಾ ಕೊಡುವುದು ಅದರಲ್ಲಿ ಸೇರಿದೆ. ಶ್ವೇತಾಂಬರ ಬಂಧುಗಳ ಪರಂಪರೆಯಲ್ಲಿಯೂ ಶ್ರಾವಕರು ವರ್ಜಿಸಬೇಕಾದ ಹದಿನೈದು ಉದ್ಯೋಗಗಳಲ್ಲಿ ಬೆಂಕಿಯ ಉದ್ಯೋಗವೇ ಮೊದಲನೆಯದಾಗಿ ಬರುತ್ತದೆ. ಅಂಗಡಿಯವನ ಕೈಯಿಂದ ಮಗುವಿನ ಕೈಗೆ ಹೋದರೂ, ಅಜ್ಜನ ಕೈಯಿಂದ ಮೊಮ್ಮಗನ ಕೈಗೆ ಹೋದರೂ ಅದು ಕೊಟ್ಟವನ ಹೊಣೆಯೇ.

ಬಿಡುವುದು ಉತ್ತಮ, ಬಿಡಲಾಗದಿದ್ದರೆ ಮಿತಿ

ಪಟಾಕಿಯನ್ನು ಸಂಪೂರ್ಣವಾಗಿ ತ್ಯಜಿಸುವುದೇ ಉತ್ತಮ ಮಾರ್ಗ. ಹುಳುಹುಪ್ಪಟೆಗಳು ಬೀಳಬಾರದೆಂದು ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ನಾವು, ಅದೇ ಸಂಜೆ ಅಂಗಳದಲ್ಲಿ ಹೂಕುಂಡ ಹಚ್ಚಿ ಬೆಳಕಿಗೆ ಬಂದ ಅವೇ ಹುಳುಗಳನ್ನು ಸುಡುವುದು ಹೇಗೆ ಸರಿಯಾದೀತು? ಆದರೆ ಮಹಾವ್ರತವನ್ನು ಪಾಲಿಸಲಾರದ ಗೃಹಸ್ಥನಿಗೆ ಅಣುವ್ರತವನ್ನು ವಿಧಿಸಿದ್ದಾರೆ. ಅಣುವ್ರತದ ಸಾರವೇ ಮಿತಿ. ನೆರೆಯ ಮಕ್ಕಳೊಡನೆ ಕೂಡಿ ಆಡುವ ನಮ್ಮ ಮಕ್ಕಳನ್ನು ತಡೆಯಲಾಗದ ಮನೆಗಳೂ ಇವೆ. ಅಂತಹವರಿಗಾಗಿ, ನಮ್ಮ ಶಾಸ್ತ್ರಗಳು ಯಾವುದೇ ವಿಷಯವನ್ನು ವಿಚಾರಿಸುವ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಬಗೆಗಳಲ್ಲಿಯೇ ಮುಂದಿನ ಮಾತುಗಳನ್ನು ಹೊಂದಿಸಿದ್ದೇನೆ. ದೇಶದ ಕಾನೂನು ಕೇಳುವುದೂ ಈ ನಾಲ್ಕನ್ನೇ.

ದ್ರವ್ಯ: ಯಾವ ಪಟಾಕಿ?

1. 2018ರ ಅಕ್ಟೋಬರ್ 23ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದಂತೆ ಕಡಿಮೆ ಹೊಗೆಯ ಹಾಗೂ ಹಸುರು ಪಟಾಕಿಗಳಿಗೆ ಮಾತ್ರ ಅವಕಾಶ. ಸರಪಟಾಕಿಗಳಿಗೆ ಅವಕಾಶವಿಲ್ಲ. ಪರವಾನಗಿ ಪಡೆದ ವ್ಯಾಪಾರಿಯಿಂದಲೇ ಕೊಳ್ಳಬೇಕು. ಅಂತರ್ಜಾಲದ ಮೂಲಕ ಮಾರುವುದನ್ನು ನ್ಯಾಯಾಲಯವು ನಿಷೇಧಿಸಿದೆ.

2. ಹಸುರು ಪಟಾಕಿಯ ಸೂತ್ರಗಳನ್ನು ರೂಪಿಸಿದುದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಾದ ನೀರಿ. 2019ರಿಂದ ಮಾರುಕಟ್ಟೆಗೆ ಬಂದ ಇವುಗಳ ಪೆಟ್ಟಿಗೆಯ ಮೇಲೆ ಹಸುರು ಲಾಂಛನವೂ ಕ್ಯೂಆರ್ ಕೋಡೂ ಇರುತ್ತವೆ. ನಕಲಿ ಮುದ್ರೆಗಳೂ ಉಂಟಾದುದರಿಂದ ಮೊಬೈಲಿನಲ್ಲಿ ಪರೀಕ್ಷಿಸಿಯೇ ಕೊಳ್ಳಬೇಕು. ಇವು ಮಾಲಿನ್ಯವನ್ನು ಸುಮಾರು 30 ಶೇಕಡಾ ತಗ್ಗಿಸುತ್ತವೆಯೇ ಹೊರತು ಬೆಂಕಿಯನ್ನಲ್ಲ. ಹಸುರು ಪಟಾಕಿಯೂ ಕೈ ಸುಡುತ್ತದೆ.

3. ಬೇರಿಯಂ ಲವಣಗಳ ಬಳಕೆಗೆ ನಿಷೇಧವಿದೆ. 2021ರ ಅಕ್ಟೋಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಮತ್ತೆ ಸ್ಪಷ್ಟಪಡಿಸಿತು. ಜ್ವಾಲೆಗೆ ಹಸುರು ಬಣ್ಣ ಕೊಡುವುದು ಈ ಬೇರಿಯಂ. ಆದುದರಿಂದ ಹಸುರಾಗಿ ಉರಿಯುವುದೆಲ್ಲವೂ ಹಸುರು ಪಟಾಕಿಯೆಂದು ಭ್ರಮಿಸಬಾರದು. ಕ್ಲೋರೇಟನ್ನು ಗಂಧಕದೊಡನೆ ಬೆರೆಸುವುದು 1992ರಿಂದಲೇ ನಿಷಿದ್ಧ. ತಯಾರಕರ ಹೆಸರು ವಿಳಾಸವಿಲ್ಲದ, ಹೊರದೇಶದಿಂದ ಕಳ್ಳದಾರಿಯಲ್ಲಿ ಬಂದ ಮಾಲಿನಲ್ಲಿ ಇಂತಹ ಮಿಶ್ರಣದ ಭಯ ಹೆಚ್ಚು.

4. ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್‌ಗಿಂತ ಹೆಚ್ಚು ಶಬ್ದ ಮಾಡುವ ಪಟಾಕಿಯ ತಯಾರಿಕೆಗೂ ಮಾರಾಟಕ್ಕೂ ಅನುಮತಿಯಿಲ್ಲ. ಶಬ್ದದ ಪಟಾಕಿಯನ್ನೇ ಬಿಟ್ಟುಬಿಟ್ಟರೆ ತೊಟ್ಟಿಲ ಕೂಸು, ಹೃದ್ರೋಗಿ, ಕೊಟ್ಟಿಗೆಯ ಹಸು, ಮರದ ಹಕ್ಕಿ ಎಲ್ಲರಿಗೂ ಅಭಯದಾನ ಮಾಡಿದಂತಾಗುತ್ತದೆ.

ಕ್ಷೇತ್ರ: ಎಲ್ಲಿ ಕೊಳ್ಳುವುದು, ಎಲ್ಲಿ ಇಡುವುದು, ಎಲ್ಲಿ ಹಚ್ಚುವುದು?

2023ರ ಅಕ್ಟೋಬರ್ 7ರಂದು ನಮಗೆ ಅನತಿದೂರದ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ, ಲಾರಿಯಿಂದ ಮಾಲು ಇಳಿಸುತ್ತಿದ್ದಾಗ ಬೆಂಕಿ ಹೊತ್ತಿ ಹನ್ನೆರಡಕ್ಕೂ ಹೆಚ್ಚು ಮಂದಿ ಮೃತರಾದರು. ಅವರಲ್ಲಿ ಬಹುಮಂದಿ ತಮಿಳುನಾಡಿನಿಂದ ಹಬ್ಬದ ಕೆಲಸಕ್ಕೆ ಹೋಗಿದ್ದ ಯುವಕರು. ಅದೇ ಹೆದ್ದಾರಿಯಲ್ಲಿ ನಾವು ದಿನವೂ ಓಡಾಡುತ್ತೇವೆ. ಅಗ್ಗವಾಗಿ ಸಿಗುತ್ತದೆಂದು ಇಕ್ಕಟ್ಟಾದ ಮಳಿಗೆಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಇದನ್ನು ನೆನೆಯಬೇಕು.

ತಾತ್ಕಾಲಿಕ ಮಳಿಗೆಗಳಿಗೆ 2008ರ ಸ್ಫೋಟಕ ನಿಯಮಗಳು ಲಕ್ಷಣಗಳನ್ನು ಹೇಳಿವೆ. ಮಳಿಗೆಯು ಬೆಂಕಿ ಹತ್ತದ ವಸ್ತುವಿನದಾಗಿರಬೇಕು, ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಜನವಸತಿಯಂತಹ ರಕ್ಷಿತ ಕಟ್ಟಡಗಳಿಂದ 50 ಮೀಟರ್ ದೂರವಿರಬೇಕು, ಒಂದಕ್ಕೊಂದು ಎದುರುಬದುರಾಗಿರಬಾರದು, ಎಣ್ಣೆದೀಪ, ಗ್ಯಾಸ್ ದೀಪ ಹತ್ತಿರ ಸುಳಿಯಬಾರದು. ನನ್ನ ಹಳೆಯ ಹಲಗೆಯ ಅಂಗಡಿ ಇವುಗಳಲ್ಲಿ ಒಂದನ್ನೂ ಪಾಲಿಸಿರಲಿಲ್ಲ. ದಿನಸಿ ಅಂಗಡಿಯ ಮೂಲೆಯಲ್ಲಿಯೋ ತಳ್ಳುಗಾಡಿಯಲ್ಲಿಯೋ ಮಾರುವವರಿಂದ ಕೊಳ್ಳಬೇಡಿರೆಂದು ದಿನಸಿ ವ್ಯಾಪಾರಿಯಾದ ನಾನೇ ಕೇಳಿಕೊಳ್ಳುತ್ತೇನೆ.

ಕೊಂಡುದನ್ನು ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯಿದೆಯ 164ನೆಯ ವಿಧಿಯಂತೆ ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬೆಂಗಳೂರಿನ ನೆಂಟರಿಗೆ ಉಡುಗೊರೆಯೆಂದು ಚೀಲದಲ್ಲಿ ತುರುಕಿ ರೈಲು ಹತ್ತುವವರು ಇದನ್ನು ತಿಳಿದಿರಬೇಕು.

ಮನೆಯಲ್ಲಿ ಅಡಿಗೆಮನೆ, ದೇವರ ದೀಪ, ವಾಹನ ಇವುಗಳಿಂದ ದೂರ, ಮಕ್ಕಳ ಕೈಗೆ ನಿಲುಕದಂತೆ, ಮುಚ್ಚಿದ ಪೆಟ್ಟಿಗೆಯಲ್ಲಿ ಒಣಗಿದ ಜಾಗದಲ್ಲಿಡಬೇಕು. ನಮ್ಮ ಕಡೆ ಹಬ್ಬದ ಹೊತ್ತಿಗೆ ಹಿಂಗಾರು ಮಳೆಯೂ ಬರುತ್ತದೆ. ತೇವ ಹಿಡಿದ ಪಟಾಕಿಯನ್ನು ಒಲೆಯ ಬದಿಯಲ್ಲಿಯೋ ಕಾದ ಹಂಚಿನ ಮೇಲೋ ಒಣಗಿಸುವವರನ್ನು ಕಂಡಿದ್ದೇನೆ. ಇದಕ್ಕಿಂತ ಹೆಚ್ಚಿನ ಅವಿವೇಕವಿಲ್ಲ. ತೇವಗೊಂಡುದನ್ನು ಪೂರ್ತಿಯಾಗಿ ನೀರಿನಲ್ಲಿ ನೆನೆಸಿ ಬಿಸಾಡಬೇಕು.

ಹಚ್ಚುವ ಸ್ಥಳಕ್ಕೆ ಪೆಟ್ಟಿಗೆಯನ್ನು ತರಲೇಬಾರದು, ಒಂದೊಂದನ್ನಾಗಿ ತರಬೇಕು. ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ದೇವಸ್ಥಾನದ ಉತ್ಸವದಲ್ಲಿ ಸಿಡಿಸಿದ ಪಟಾಕಿಯ ಕಿಡಿ, ಪಕ್ಕದಲ್ಲಿಯೇ ಕೂಡಿಟ್ಟಿದ್ದ ಪಟಾಕಿಗಳಿಗೆ ತಗುಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಕೆಲವರು ಆಸ್ಪತ್ರೆಯಲ್ಲಿ ಅಸುನೀಗಿದರು. ಅಂಗಳದ ಜಗಲಿಯ ಮೇಲೆ ಬಾಯಿ ತೆರೆದ ಪೆಟ್ಟಿಗೆಯನ್ನಿಟ್ಟುಕೊಂಡು ಎದುರಿಗೇ ಹೂಕುಂಡ ಹಚ್ಚುವ ಮನೆಯಲ್ಲಿರುವುದೂ ಅದೇ ಅಪಾಯ.

ಬಯಲು ಜಾಗವೇ ಸೂಕ್ತ. ಮಹಡಿಯ ಮೊಗಸಾಲೆ, ಮೆಟ್ಟಿಲು, ಹುಲ್ಲಿನ ಬಣವೆ, ಗುಡಿಸಲು, ನಿಲ್ಲಿಸಿದ ವಾಹನಗಳ ಸಾಲು ಸಲ್ಲದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಶಬ್ದದ ಪಟಾಕಿ ಸಿಡಿಸುವಂತಿಲ್ಲ. ಒಂದು ಬೀದಿಯವರೆಲ್ಲ ಕೂಡಿ ಒಂದೇ ಮೈದಾನದಲ್ಲಿ ಹಿರಿಯರ ಸಮ್ಮುಖದಲ್ಲಿ ಹಚ್ಚುವುದು ಲೇಸು.

ಕಾಲ: ಯಾವ ಹೊತ್ತು?

ಇಲ್ಲಿ ಗಡಿಯವರಾದ ನಾವು ವಿಶೇಷ ಎಚ್ಚರ ವಹಿಸಬೇಕು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯವರೆಗೆ ಎರಡು ತಾಸು ನಿಗದಿ ಮಾಡಿತು. ಬೆಳಗಿನ ಪದ್ಧತಿಯಿರುವ ತಮಿಳುನಾಡು ಮನವಿ ಸಲ್ಲಿಸಿದ ಮೇಲೆ, ಎರಡು ತಾಸು ಮೀರದಂತೆ ಹೊತ್ತನ್ನು ಬದಲಿಸಿಕೊಳ್ಳಲು ಅನುಮತಿಸಿತು. ಅದರಂತೆ ತಮಿಳುನಾಡು ಸರ್ಕಾರವು ಬೆಳಗ್ಗೆ 6ರಿಂದ 7, ಸಂಜೆ 7ರಿಂದ 8 ಎಂದು ಗೊತ್ತುಪಡಿಸಿತು. ಹೀಗಾಗಿ ರಾತ್ರಿ ಎಂಟೂವರೆಗೆ ಅತ್ತಿಬೆಲೆಯಲ್ಲಿ ಸರಿಯಾದುದು ಹೊಸೂರಿನಲ್ಲಿ ತಪ್ಪು. ಬೆಳಗ್ಗೆ ಆರೂವರೆಗೆ ಹೊಸೂರಿನಲ್ಲಿ ಸರಿಯಾದುದು ಅತ್ತಿಬೆಲೆಯಲ್ಲಿ ತಪ್ಪು. ಹಬ್ಬಕ್ಕೆ ನೆಂಟರ ಮನೆಗೆ ಹೋಗುವವರು ಆಯಾ ವರ್ಷದ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿಕೊಂಡು, ನಿಂತ ನೆಲದ ನಿಯಮವನ್ನು ಪಾಲಿಸಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗಂತೂ ಶಬ್ದದ ಪಟಾಕಿಗೆ ಎಲ್ಲಿಯೂ ಅನುಮತಿಯಿಲ್ಲ.

ನಿಯಮ ಮೀರಿದವರ ಮೇಲೆ ಪೊಲೀಸರು ಮೊಕದ್ದಮೆ ಹೂಡುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 288ನೆಯ ವಿಧಿಯಂತೆ, ಸ್ಫೋಟಕವನ್ನು ಅಜಾಗರೂಕತೆಯಿಂದ ಬಳಸಿ ಪರರ ಪ್ರಾಣಕ್ಕೆ ಅಪಾಯ ತಂದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಭಾವ: ಹೇಗೆ?

ಪ್ರಮಾದದಿಂದ ಪ್ರಾಣಕ್ಕೆ ಎರವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಮುನಿಗಳು ಒಂದು ಕಮಂಡಲವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆದುಕೊಳ್ಳುತ್ತಾರೆ. ಇದು ಆದಾನ-ನಿಕ್ಷೇಪಣ ಸಮಿತಿ. ಬೆಂಕಿಯನ್ನು ಎತ್ತಿ ಇಡುವ ಗೃಹಸ್ಥನಿಗೆ ಅದರ ನೆರಳಷ್ಟಾದರೂ ಬೇಡವೇ?

1. ಹಿರಿಯರೊಬ್ಬರು ಮೊದಲಿನಿಂದ ಕೊನೆಯವರೆಗೆ ಅಲ್ಲಿಯೇ ನಿಂತಿರಬೇಕು. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ಒಂದು ದಪ್ಪ ಹತ್ತಿ ಕಂಬಳಿ ಮೊದಲೇ ಸಿದ್ಧವಿರಬೇಕು.

2. ಹತ್ತಿಯ ಬಟ್ಟೆ, ಪಾದ ಮುಚ್ಚುವ ಪಾದರಕ್ಷೆ ಧರಿಸಬೇಕು. ಸೆರಗು, ದುಪಟ್ಟ, ಸಡಿಲವಾದ ತೋಳುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಸ್ಯಾನಿಟೈಜರ್ ಹಚ್ಚಿದ ಕೈಯಿಂದ ಬೆಂಕಿ ಮುಟ್ಟಬಾರದು. ಅದರಲ್ಲಿರುವ ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ. ಕನ್ನಡಕವಿದ್ದರೆ ಕಣ್ಣಿಗೆ ಅಷ್ಟು ರಕ್ಷೆ.

3. ಉದ್ದನೆಯ ಊದುಬತ್ತಿಯಿಂದ, ಕೈಯನ್ನು ಪೂರ್ತಿ ಚಾಚಿ, ಮುಖವನ್ನು ಓರೆಯಾಗಿಸಿ ಹಚ್ಚಿ ಕೂಡಲೇ ಹಿಂದೆ ಸರಿಯಬೇಕು. ಪಟಾಕಿಯ ಮೇಲೆ ಬಗ್ಗಬಾರದು. ಕೈಯಲ್ಲಿ ಹಿಡಿದು ಹಚ್ಚಿ ಎಸೆಯಬಾರದು. ಡಬ್ಬ, ಗಾಜಿನ ಸೀಸೆ, ತೆಂಗಿನ ಚಿಪ್ಪು ಮುಚ್ಚಿ ಸಿಡಿಸಬಾರದು.

4. ಸಿಡಿಯದ ಪಟಾಕಿಯ ಬಳಿಗೆ ಅರ್ಧ ತಾಸು ಯಾರೂ ಹೋಗಕೂಡದು. ಆಮೇಲೆ ದೂರದಿಂದ ನೀರು ಸುರಿದು, ನೆನೆದ ಮೇಲೆ ಉದ್ದ ಕೋಲಿನಿಂದ ಎತ್ತಿ ಬಕೆಟ್ಟಿಗೆ ಹಾಕಬೇಕು. ಮತ್ತೆ ಹಚ್ಚುವ ಮಾತೇ ಇಲ್ಲ. ಮರುದಿನ ಹುಡುಗರು ಸಿಡಿಯದವುಗಳನ್ನು ಆಯ್ದು, ಮದ್ದನ್ನು ಕಾಗದದ ಮೇಲೆ ಸುರಿದು ಬೆಂಕಿಯಿಡುತ್ತಾರೆ. ಮುಖ ಸುಟ್ಟುಕೊಳ್ಳಲು ಇಷ್ಟು ಸಾಕು. ಅಂಗಳವನ್ನು ರಾತ್ರಿಯೇ ಗುಡಿಸಿ ಎಲ್ಲವನ್ನೂ ನೀರಿನಲ್ಲಿ ಮುಳುಗಿಸಿಡಬೇಕು.

5. ಸುರುಸುರುಬತ್ತಿ ನಿರಪಾಯವೆಂದು ತಿಳಿದು ಮೂರು ವರ್ಷದ ಕೂಸಿನ ಕೈಗೂ ಕೊಡುತ್ತೇವೆ. ಅದರ ಕಿಡಿಯ ಶಾಖ 1,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಉರಿದ ತಂತಿಯನ್ನು ನೆಲಕ್ಕೆ ಬಿಸಾಡಿದರೆ ಹಿಂದೆ ಬರುವ ಮಗುವಿನ ಬರಿಗಾಲಿಗೆ ಬರೆ. ಪ್ರತಿ ತಂತಿಯೂ ನೇರವಾಗಿ ನೀರಿನ ಬಕೆಟ್ಟಿಗೇ ಹೋಗಬೇಕು.

6. ನೋಡುವವರೂ ದೂರ ನಿಲ್ಲಬೇಕು. ದೀಪಾವಳಿಯಲ್ಲಿ ಕಣ್ಣಿನ ಗಾಯದಿಂದ ಆಸ್ಪತ್ರೆಗೆ ಬರುವವರಲ್ಲಿ ಮಕ್ಕಳು ಬಹಳ. ತಾವು ಹಚ್ಚದೆ ಸುಮ್ಮನೆ ನಿಂತು ನೋಡುತ್ತಿದ್ದವರೂ ಬಹಳ.

ಅವಘಡವಾದರೆ

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಬಾವು ಬರುವ ಮುನ್ನ ಬಳೆ, ಉಂಗುರ ತೆಗೆಯಬೇಕು. ಮಂಜುಗಡ್ಡೆ, ತುಪ್ಪ, ಅರಿಸಿನ, ಶಾಯಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬಾರದು, ಬೊಬ್ಬೆ ಒಡೆಯಬಾರದು, ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು; ನೆಲದ ಮೇಲೆ ಉರುಳಬೇಕು, ಇತರರು ಕಂಬಳಿ ಹೊದಿಸಬೇಕು.

ಕಣ್ಣಿಗೆ ಬರಿಯ ಬೂದಿ, ಧೂಳು ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಬಹುದು. ರಕ್ತ ಬಂದಿದ್ದರೆ, ಪೆಟ್ಟು ಬಿದ್ದಿದ್ದರೆ, ಏನಾದರೂ ಚುಚ್ಚಿಕೊಂಡಿದ್ದರೆ ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ಕೀಳಬಾರದು. ಶುಚಿಯಾದ ಕಾಗದದ ಲೋಟವನ್ನು ಕಣ್ಣಿನ ಸುತ್ತ ಒತ್ತಡವಾಗದಂತೆ ಮುಚ್ಚಿ, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಧಾವಿಸಬೇಕು. ಬೆಳಗಾಗಲೆಂದು ಕಾಯಬಾರದು. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101, ಯಾವುದೇ ತುರ್ತಿಗೆ 112. ಗಡಿಯ ಎರಡು ಕಡೆಯೂ ಇವೇ ಸಂಖ್ಯೆಗಳು.

ಕೊನೆಯ ವಿಜ್ಞಾಪನೆ

ಈ ಲೇಖನವನ್ನು ಓದಿ ಹತ್ತು ಮನೆಯವರು ಪಟಾಕಿಯನ್ನು ಬಿಟ್ಟರೆ ನನಗೆ ಸಂತೋಷ. ಬಿಡಲಾಗದ ಮನೆಯವರು ನಿರ್ವಾಣ ಲಾಡು ಅರ್ಪಿಸಲು ಬಂದಾಗ ಒಂದು ಸಣ್ಣ ನಿಯಮವನ್ನಾದರೂ ತೆಗೆದುಕೊಳ್ಳಲಿ: ಇಷ್ಟೇ ಪಟಾಕಿ, ಇಲ್ಲಿಯೇ, ಇಷ್ಟೇ ಹೊತ್ತು, ನಾನು ಪಕ್ಕದಲ್ಲಿದ್ದಾಗ ಮಾತ್ರ. ಒಂಟಿಯಾಗಿ ಅಂಗಡಿಗೆ ಬಂದ ಮಗುವಿಗೆ ಪಟಾಕಿ ಕೊಡುವುದಿಲ್ಲವೆಂಬ ನಿಯಮವನ್ನು ನಮ್ಮ ವರ್ತಕ ಬಂಧುಗಳೂ ತೆಗೆದುಕೊಳ್ಳಲಿ. "ಅಪ್ಪ ಎಲ್ಲಿ?" ಎಂದು ಕೇಳಲು ಎರಡು ಕ್ಷಣ ಸಾಕು. ಆ ಎರಡು ಕ್ಷಣವನ್ನು ಉಳಿಸಿಕೊಂಡುದಕ್ಕಾಗಿ ನಾನು ಇಷ್ಟು ವರ್ಷಗಳಿಂದ ಮನಸ್ಸಿನಲ್ಲಿ ಲೆಕ್ಕ ತೀರಿಸುತ್ತಲೇ ಇದ್ದೇನೆ.

ಎಲ್ಲರ ಮನೆಯಲ್ಲಿಯೂ ದೀಪ ಬೆಳಗಲಿ. ಆ ದೀಪವನ್ನು ನೋಡುವ ಕಣ್ಣುಗಳು ಕ್ಷೇಮವಾಗಿರಲಿ.

ಜಯ ಜಿನೇಂದ್ರ.